ಸಾಲದ ಹಣ, ಪಾಲಿನ ಹಣ: ಸಣ್ಣ ಉದ್ದಿಮೆಗೆ ಬಂಡವಾಳ

ಸಣ್ಣ ಉದ್ದಿಮೆಗೆ ಹೊರಗಿನಿಂದ ಬರುವ ಹಣದಲ್ಲಿ ಎರಡು ಬಗೆ. ಒಂದು ಸಾಲ, ಇನ್ನೊಂದು ಪಾಲು. ಸಾಲ ಕೊಟ್ಟವನಿಗೆ ಅಸಲೂ ಬಡ್ಡಿಯೂ ಹೇಳಿದ ದಿನಕ್ಕೆ ಬರಬೇಕು. ಆ ವರ್ಷ ಮಳೆ ಬಂತೋ ಇಲ್ಲವೋ, ಸರಕು ಹೋಯಿತೋ ಇಲ್ಲವೋ ಅದು ಅವನಿಗೆ ಕಟ್ಟಿಕೊಂಡದ್ದಲ್ಲ. ಪಾಲು ಹಾಕಿದವನು ಲಾಭಕ್ಕೂ ಭಾಗಿ, ನಷ್ಟಕ್ಕೂ ಭಾಗಿ. ಹೂಡಿಕೆದಾರ ಎಂಬ ಹೆಸರು ಸರಿಯಾಗಿ ಸಲ್ಲುವುದು ಇವನಿಗೆ. ಆದರೆ ಊರುಕೇರಿಯ ವ್ಯವಹಾರದಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿಹೋಗಿರುತ್ತದೆ. ಷಡ್ಡಕ 5 ಲಕ್ಷ ಕೊಟ್ಟಿರುತ್ತಾನೆ. ಅದು ಕೈಗಡವೋ ಪಾಲೋ ಎಂದು ಕೊಟ್ಟ ದಿನ ಯಾರೂ ಕೇಳಿರುವುದಿಲ್ಲ. ಅಂಗಡಿ ಕುದುರಿದರೆ ಅದು ಪಾಲಾಗಿತ್ತು ಎಂದು ಅವನಿಗೂ, ಬರೀ ಸಾಲವಾಗಿತ್ತು ಎಂದು ಅಂಗಡಿಯವನಿಗೂ ನೆನಪಾಗುತ್ತದೆ. ಅಂಗಡಿ ಮುಳುಗಿದರೆ ಇಬ್ಬರ ನೆನಪೂ ಅದಲುಬದಲಾಗುತ್ತದೆ. ಕುಟುಂಬಗಳ ನಡುವೆ ಮಾತು ಬಿಡುವಷ್ಟು ದೂರ ಹೋಗುವ ಹಣದ ಜಗಳಗಳನ್ನು ಕೆದಕಿ ನೋಡಿದರೆ ಬುಡದಲ್ಲಿ ಬಹಳ ಸಲ ಇರುವುದು ಮೋಸವಲ್ಲ, ಈ ಗೊಂದಲ.

ಸಣ್ಣವರ ಉಳಿತಾಯವನ್ನು ಸಣ್ಣವರ ದುಡಿಮೆಗೆ ಒದಗಿಸುವ ಏರ್ಪಾಡು ಕರ್ನಾಟಕಕ್ಕೆ ಹೊಸದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದು 1905ರಲ್ಲಿ. ಕರಾವಳಿಯಲ್ಲಿ ಕೈಮಗ್ಗದವರ ಕಸುಬು ನೆಲಕಚ್ಚಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದ ಒಂದು ಸಂಸ್ಥೆ ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಆ ಪದ್ಧತಿ ಇಂದಿಗೂ ಜೀವಂತವಾಗಿದೆ. ಈ ಏರ್ಪಾಡುಗಳೆಲ್ಲ ಕೊಟ್ಟದ್ದು ಮುಖ್ಯವಾಗಿ ಸಾಲ. ಸಣ್ಣ ಅಂಗಡಿಗೆ, ಸಣ್ಣ ಕಾರ್ಖಾನೆಗೆ ಪಾಲಿನ ಹಣ ತರುವ ಕೆಲಸ ಮಾತ್ರ ಮೊದಲಿನಿಂದಲೂ ನೆಂಟರು, ಜಾತಿಬಂಧುಗಳು, ಸ್ನೇಹಿತರ ವಲಯಕ್ಕೇ ಉಳಿದುಕೊಂಡಿತು.

ಇನ್ಫೋಸಿಸ್‌ನ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. 1981ರಲ್ಲಿ ಸುಧಾ ಮೂರ್ತಿ ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟದ್ದು ನಾಡಿಗೆಲ್ಲ ಗೊತ್ತು. ಅದೇ ಕಂಪನಿ 1993ರಲ್ಲಿ ಷೇರನ್ನು 95 ರೂಪಾಯಿಯಂತೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರು ಸಾಲದೆ ಹೋದರು ಎನ್ನುವುದು ಅಷ್ಟಾಗಿ ಚಾಲ್ತಿಯಲ್ಲಿಲ್ಲ. ಮಿಕ್ಕಿದ್ದನ್ನು ಮಾರ್ಗನ್ ಸ್ಟ್ಯಾನ್ಲಿ ಎಂಬ ಅಮೆರಿಕದ ಸಂಸ್ಥೆ ಎತ್ತಿಕೊಂಡಿತು. ಹನ್ನೆರಡು ವರ್ಷ ನಡೆದ, ಲೆಕ್ಕಪತ್ರ ಚೊಕ್ಕಟವಾಗಿದ್ದ ಕಂಪನಿಗೇ ಹೀಗಾದರೆ, ನಿನ್ನೆ ಮೊನ್ನೆ ಬಾಗಿಲು ತೆರೆದ ಘಟಕಕ್ಕೆ ಹೊರಗಿನವರು ಹಣ ಹಾಕಲು ಹಿಂದೆಮುಂದೆ ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಹಣ ಯಾರ ಹತ್ತಿರ ಕೇಳಬೇಕು ಎನ್ನುವುದಕ್ಕಿಂತ ಮೊದಲು ಯಾವುದಕ್ಕೆ ಬೇಕು ಎನ್ನುವುದು ತೀರ್ಮಾನವಾಗಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಅಲ್ಲಿ ಒಬ್ಬರು ಗಾಣದ ಎಣ್ಣೆಯ ಘಟಕ ನಡೆಸುತ್ತಿದ್ದಾರೆ, ಅದನ್ನು ದೊಡ್ಡದು ಮಾಡಲು ಹೊರಟಿದ್ದಾರೆ ಎಂದು ಇಟ್ಟುಕೊಳ್ಳಬಹುದು. ಇನ್ನೆರಡು ಗಾಣ, ಮೋಟಾರು, ಎಣ್ಣೆ ಸೋಸುವ ಯಂತ್ರಕ್ಕೆ 6 ಲಕ್ಷ. ಶೆಡ್ಡು ವಿಸ್ತರಿಸಲು, ವಿದ್ಯುತ್ ಸಂಪರ್ಕದ ಬಲ ಏರಿಸಲು 4 ಲಕ್ಷ. ಶೇಂಗಾ ಕೊಳ್ಳಲು 10 ಲಕ್ಷ. ಒಟ್ಟು 20 ಲಕ್ಷ. ಕಾಗದದ ಮೇಲೆ ಇದು ಒಂದೇ ಮೊತ್ತ. ವ್ಯವಹಾರದಲ್ಲಿ ಇವು ಮೂರೂ ಬೇರೆ ಬೇರೆ ಹಣ.

ಯಂತ್ರಕ್ಕೆ ಹಾಕಿದ ಹಣ ಕಣ್ಣಿಗೆ ಕಾಣುತ್ತದೆ, ಬ್ಯಾಂಕಿಗೆ ಆಧಾರವಾಗುತ್ತದೆ, ವರ್ಷಗಟ್ಟಲೆ ದುಡಿದು ತನ್ನ ಕಂತನ್ನು ತಾನೇ ತೀರಿಸಿಕೊಳ್ಳುತ್ತದೆ. ಶೇಂಗಾ ಖರೀದಿಯ ಹಣದ ನಡೆ ಹಾಗಲ್ಲ. ಮಳೆಯಾಶ್ರಯದ ಶೇಂಗಾ ಎಪಿಎಂಸಿ ಪ್ರಾಂಗಣಕ್ಕೆ ಬಂದು ಬೀಳುವುದು ಒಕ್ಕಣೆಯ ಕೆಲವೇ ವಾರಗಳಲ್ಲಿ. ಆಗ ಕೊಂಡು ದಾಸ್ತಾನು ಮಾಡಿಟ್ಟವನಿಗೆ ವರ್ಷವಿಡೀ ಒಂದೇ ಗುಣದ ಬೀಜ ಸಿಗುತ್ತದೆ; ಆಗ ಕೈ ಖಾಲಿಯಿದ್ದವನು ಬೇಸಿಗೆಯಲ್ಲಿ ವರ್ತಕ ಹೇಳಿದ ಬೆಲೆಗೆ ಕೊಳ್ಳಬೇಕು. ಕೊಂಡ ಶೇಂಗಾ ಸುಲಿದು, ಬೀಜ ಆರಿಸಿ, ಗಾಣಕ್ಕೆ ಹಾಕಿ, ಎಣ್ಣೆಯನ್ನು ಡಬ್ಬಿ ತುಂಬಿ, ಅಂಗಡಿಗೆ ಉದ್ರಿ ಕೊಟ್ಟು, ಉದ್ರಿ ವಸೂಲಾಗುವ ಹೊತ್ತಿಗೆ ತಿಂಗಳುಗಳು ಕಳೆಯುತ್ತವೆ. ನೂರು ಕಿಲೋ ಬೀಜಕ್ಕೆ ಸುಮಾರು 40 ಕಿಲೋ ಎಣ್ಣೆ; ಉಳಿದದ್ದು ಬಹುಪಾಲು ಹಿಂಡಿ. ಹಿಂಡಿ ದನ ಸಾಕಿದವರಿಗೆ ಹೆಚ್ಚಾಗಿ ರೋಕಡಕ್ಕೇ ಹೋಗುತ್ತದೆ, ದಿನದ ಕೂಲಿಗೆ, ಕರೆಂಟಿಗೆ ಆಗುತ್ತದೆ. ಎಣ್ಣೆಯ ದುಡ್ಡು ನಿಧಾನ. ದುಡಿಯುವ ಬಂಡವಾಳ ಎನ್ನುವುದು ಈ ನಿಧಾನಕ್ಕೆ ತೆರುವ ಹಣ. ಇದಕ್ಕೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ ಇದೆ, ಉಗ್ರಾಣದಲ್ಲಿ ದಾಸ್ತಾನು ಇಟ್ಟು ರಸೀದಿಯ ಮೇಲೆ ತೆಗೆಯುವ ಸಾಲವಿದೆ. ಒಂದು ಹಂಗಾಮಿನ ಖರೀದಿಗಾಗಿ ಉದ್ದಿಮೆಯ ಪಾಲನ್ನೇ ಶಾಶ್ವತವಾಗಿ ಬಿಟ್ಟುಕೊಡುವುದು ಲಾಭದ ಮಾತಲ್ಲ.

ಪಾಲಿನ ಹಣಕ್ಕೆ ತಕ್ಕದ್ದು ಯಾವಾಗ ತಿರುಗಿ ಬರುತ್ತದೆ ಎಂದು ಹೇಳಲಾಗದ ಖರ್ಚು. ಹೊಸ ಊರಿನಲ್ಲಿ ಮಾರುಕಟ್ಟೆ ಹಿಡಿಯುವುದು, ಸ್ವಂತ ಹೆಸರಿನ ಡಬ್ಬಿ ತರುವುದು, ಎರಡು ವರ್ಷ ಕೈಯಿಂದ ಹಾಕಿ ಕಾಯಬೇಕಾದ ಕೆಲಸ, ಇಂಥವು. 10 ಲಕ್ಷವನ್ನು ಶೇಕಡಾ 11ರ ಬಡ್ಡಿಗೆ 5 ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು ಹೆಚ್ಚುಕಡಿಮೆ 21,740 ರೂಪಾಯಿ. ಐದು ವರ್ಷದಲ್ಲಿ ಕಟ್ಟುವುದು ಸುಮಾರು 13 ಲಕ್ಷ. ಅಲ್ಲಿಗೆ ಋಣ ಹರಿಯಿತು. ಅದೇ 10 ಲಕ್ಷವನ್ನು ಕಾಲು ಭಾಗ ಪಾಲಿಗೆ ತಂದರೆ, ಲಾಭ 1 ಲಕ್ಷವಾದ ವರ್ಷ ಕೊಡಬೇಕಾದದ್ದು 25,000 ಮಾತ್ರ, ಲಾಭವಿಲ್ಲದ ವರ್ಷ ಏನೂ ಇಲ್ಲ. ಲಾಭ 8 ಲಕ್ಷಕ್ಕೆ ಏರಿದರೆ ವರ್ಷಕ್ಕೆ 2 ಲಕ್ಷ, ಅದೂ ಪಾಲುದಾರ ಇರುವವರೆಗೆ. ಕೆಟ್ಟ ಕಾಲದಲ್ಲಿ ಪಾಲಿನ ಹಣ ಅಗ್ಗ, ಒಳ್ಳೆಯ ಕಾಲದಲ್ಲಿ ಬಹಳ ದುಬಾರಿ. ಉದ್ದಿಮೆ ಕುದುರುತ್ತದೆ ಎಂದು ಮಾಲೀಕನಿಗೆ ಗಟ್ಟಿ ನಂಬಿಕೆಯಿದ್ದರೆ ಅವನು ಸಾಲವನ್ನೇ ಹುಡುಕಬೇಕು. ವಿಚಿತ್ರವೆಂದರೆ ಪಾಲುದಾರನಿಗಾಗಿ ಹೆಚ್ಚು ಅಲೆಯುವವನೂ ಅವನೇ.

ಸಾಲದ ಕಡೆ ಇರುವ ಸರ್ಕಾರಿ ದಾರಿಗಳನ್ನು ಮೊದಲು ಮುಗಿಸಿಕೊಳ್ಳುವುದು ವಾಡಿಕೆ, ಅದು ಸರಿಯೂ ಹೌದು. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಮೆಟ್ಟಿಲುಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಅವಕಾಶವಾಗಿದೆ. ಹೊಸ ಘಟಕಗಳಿಗಾಗಿ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಶೇಕಡಾ 15ರಿಂದ 35ರವರೆಗೆ ಸಹಾಯಧನ ಸಿಗುತ್ತದೆ. ಹಳ್ಳಿಯ ಘಟಕಕ್ಕೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಪ್ರಮಾಣ ಹೆಚ್ಚು. ಮಾಲೀಕ ತನ್ನ ಕೈಯಿಂದ ಹಾಕಬೇಕಾದದ್ದು ಶೇಕಡಾ 10, ವಿಶೇಷ ವರ್ಗಗಳಿಗೆ 5. ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ, ಕೈಗೆ ಬರುವುದಿಲ್ಲ. ಇದು ತಿಳಿಯದೆ ಆ ಹಣದ ಮೇಲೆ ಲೆಕ್ಕ ಹಾಕಿಕೊಂಡವರು ಮೊದಲ ವರ್ಷವೇ ಪೇಚಿಗೆ ಸಿಕ್ಕುತ್ತಾರೆ. ಅಡಮಾನಕ್ಕೆ ಆಸ್ತಿಯಿಲ್ಲದವರ ಸಾಲಕ್ಕೆ ಖಾತರಿ ನಿಲ್ಲುವ ನಿಧಿಯೊಂದು 2000ದಿಂದ ಇದೆ. ರಾಜ್ಯದಲ್ಲಿ 1959ರಿಂದ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ ಕೆಲಸ ಮಾಡುತ್ತಿದೆ. ಅರ್ಜಿ, ವಿವರಗಳಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ.

ಕೆಲವು ಉದ್ದಿಮೆಗಳಿಗೆ ಬೇಕಾದದ್ದು ಹೊಸ ಹಣವೇ ಅಲ್ಲ. ಇದ್ದ ಹಣ ಗಿರಾಕಿಗಳ ಹತ್ತಿರ ಸಿಕ್ಕಿಬಿದ್ದಿರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಸರಕು ಕೊಂಡವರು ಒಪ್ಪಂದ ಏನೇ ಇರಲಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಲೆಕ್ಕದ ಚಕ್ರಬಡ್ಡಿ. ಈ ಅಸ್ತ್ರವನ್ನು ದೊಡ್ಡ ಗಿರಾಕಿಯ ಮೇಲೆ ಪ್ರಯೋಗಿಸಿದರೆ ಮುಂದಿನ ಆರ್ಡರು ಹೋಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಆದರೂ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದಕ್ಕೆ ಖರ್ಚಿಲ್ಲ. ಗಿರಾಕಿಯ ಆಡಿಟರ್ ಅದನ್ನು ಗಮನಿಸುತ್ತಾನೆ.

ಇಷ್ಟೆಲ್ಲ ಆದಮೇಲೂ ಪಾಲಿನ ಹಣ ಬೇಕೇಬೇಕು ಎಂದಾದರೆ, ಹೂಡಿಕೆದಾರ ಎಲ್ಲಿದ್ದಾನೆ? ಪತ್ರಿಕೆಗಳು ಬರೆಯುವ ಏಂಜೆಲ್ ಹೂಡಿಕೆದಾರರು, ವೆಂಚರ್ ನಿಧಿಗಳು ಸಾಮಾನ್ಯವಾಗಿ ಗಾಣದ ಎಣ್ಣೆಯವನಿಗೆ, ಗಾರ್ಮೆಂಟ್ ಘಟಕದವನಿಗೆ, ಬೇಕರಿಯವನಿಗೆ ದಕ್ಕುವವರಲ್ಲ. ಅದು ಅವರ ಸೊಕ್ಕಲ್ಲ, ಅವರ ಲೆಕ್ಕಾಚಾರ. ಹಲವು ಕಂಪನಿಗಳಲ್ಲಿ ಹಾಕಿದ ಹಣದಲ್ಲಿ ಹೆಚ್ಚಿನದು ಮುಳುಗುತ್ತದೆ ಎಂದು ತಿಳಿದೇ ಅವರು ಹೂಡುತ್ತಾರೆ. ಉಳಿದ ಒಂದೆರಡು ಹತ್ತಾರು ಪಟ್ಟು ಬೆಳೆದು ನಷ್ಟವನ್ನೆಲ್ಲ ತುಂಬಬೇಕು. ವರ್ಷಕ್ಕೆ ಶೇಕಡಾ 15 ಬೆಳೆಯುವ, ಯಜಮಾನನಿಗೂ ನಾಲ್ಕು ಕೆಲಸಗಾರರಿಗೂ ನೆಮ್ಮದಿಯ ಸಂಪಾದನೆ ಕೊಡುವ ಉದ್ದಿಮೆ ಎಷ್ಟೇ ಒಳ್ಳೆಯದಿದ್ದರೂ ಅವರಿಗೆ ಉಪಯೋಗವಿಲ್ಲ. ಹೊಸ ತಂತ್ರಜ್ಞಾನವೋ ಹೊಸ ಪದಾರ್ಥವೋ ಕೈಯಲ್ಲಿದ್ದರೆ ಮಾತು ಬೇರೆ. ಅಂಥವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮ 50 ಲಕ್ಷದವರೆಗೆ ಅನುದಾನ ಕೊಡುತ್ತದೆ, ಪಾಲು ಕೇಳುವುದಿಲ್ಲ.

ಉಳಿದವರಿಗೆ ಹೂಡಿಕೆದಾರ ಸಿಗುವುದು ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ. ಆ ಕಸುಬನ್ನು ಬಲ್ಲವನೇ ಒಳ್ಳೆಯ ಹೂಡಿಕೆದಾರ. ಗಾಣದ ಘಟಕಕ್ಕೆ ಎಣ್ಣೆ ಕೊಳ್ಳುವ ಸಗಟು ಅಂಗಡಿಯವನು, ಶೇಂಗಾ ಕೊಡುವ ಮಂಡಿಯ ವರ್ತಕ, ಯಂತ್ರ ರಿಪೇರಿ ಮಾಡುವವನು, ಊರಿಗೆ ಮರಳಿದ ನಿವೃತ್ತ ನೌಕರ, ಬೆಂಗಳೂರಿನಲ್ಲೋ ದುಬೈಯಲ್ಲೋ ದುಡಿಯುತ್ತ ಊರಲ್ಲಿ ಏನಾದರೂ ಮಾಡಬೇಕೆನ್ನುವ ಗೆಳೆಯ. ಇವರಲ್ಲಿ ಮೊದಲ ಮೂವರಿಗೆ ಶೇಂಗಾದ ದರ ಏರಿದರೆ ಏನಾಗುತ್ತದೆ ಎಂದು ವಿವರಿಸಿ ಹೇಳಬೇಕಾಗಿಲ್ಲ. ಕೊನೆಯವನಿಗೆ ಪ್ರತಿ ತಿಂಗಳೂ ಹೇಳಬೇಕು. ಆದರೆ ಕಸುಬು ಬಲ್ಲವರಲ್ಲೂ ಒಂದು ತೊಡಕಿದೆ. ಪಾಲು ಕೊಂಡ ಸಗಟು ವ್ಯಾಪಾರಿ ಎಣ್ಣೆಯನ್ನು ತನಗೊಬ್ಬನಿಗೇ ಕೊಡಬೇಕು, ತನ್ನ ದರಕ್ಕೇ ಕೊಡಬೇಕು ಎನ್ನಲು ತಡವಾಗುವುದಿಲ್ಲ.

ಸರಕು ಬೆಳೆಯುವವರೇ ಪಾಲುದಾರರಾಗುವ ದಾರಿಯೂ ಇದೆ. ಅಡಿಕೆ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಈಗ ಹತ್ತು ಮಂದಿ ಬೆಳೆಗಾರರು ಸೇರಿದರೂ ಉತ್ಪಾದಕರ ಕಂಪನಿ ನೋಂದಾಯಿಸಬಹುದು. 2020ರಲ್ಲಿ ಕೇಂದ್ರ ಸರ್ಕಾರ ತಂದ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ, ರೈತರು ಹಾಕಿದ ಷೇರು ಹಣಕ್ಕೆ ಸರಿಸಮನಾಗಿ ತಲಾ 2,000 ರೂಪಾಯಿಯವರೆಗೆ, ಒಂದು ಸಂಸ್ಥೆಗೆ 15 ಲಕ್ಷದವರೆಗೆ ಅನುದಾನ ಇಡಲಾಯಿತು. ಇದು ಒಬ್ಬನ ಉದ್ದಿಮೆಗೆ ಒದಗುವ ಹಣವಲ್ಲ. ಯಜಮಾನಿಕೆ ಹಂಚಿಕೊಳ್ಳಲು ಮನಸ್ಸಿದ್ದವರಿಗೆ ಮಾತ್ರ.

ಚೀಟಿ ಹಣವನ್ನು ಬಂಡವಾಳ ಮಾಡಿಕೊಂಡವರು ಪ್ರತಿ ಪೇಟೆಯಲ್ಲೂ ಇದ್ದಾರೆ. ತಿಂಗಳಿಗೆ 10,000ದಂತೆ ಇಪ್ಪತ್ತು ಜನ ಕಟ್ಟುವ ಚೀಟಿಯಲ್ಲಿ 2 ಲಕ್ಷ ಸೇರುತ್ತದೆ. ಮೊದಲ ತಿಂಗಳುಗಳಲ್ಲಿ ಕೂಗಿ ಎತ್ತುವವನು 40,000, 50,000 ಬಿಟ್ಟುಕೊಟ್ಟು ಉಳಿದದ್ದನ್ನು ತಗೊಳ್ಳುತ್ತಾನೆ. ಬಿಟ್ಟದ್ದೇ ಬಡ್ಡಿ. ಲೆಕ್ಕ ಹಾಕಿದರೆ ಅದು ಬ್ಯಾಂಕಿನ ಬಡ್ಡಿಗಿಂತ ಎಷ್ಟೋ ಮೇಲೆ ನಿಲ್ಲುತ್ತದೆ. ಆದರೆ ಕಾಗದಪತ್ರ ಕೇಳದೆ, ವಾರದೊಳಗೆ ಸಿಗುವ ಹಣಕ್ಕೆ ಜನ ಆ ಬೆಲೆ ತೆರಲು ಸಿದ್ಧರಿರುತ್ತಾರೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಯಲ್ಲಿ, ಉದಾಹರಣೆಗೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ನಡೆಸುವಂಥದ್ದರಲ್ಲಿ, ಹಣಕ್ಕೆ ಭದ್ರತೆಯಿದೆ. ನೋಂದಣಿ ಇಲ್ಲದ ಚೀಟಿ ಕುಸಿದರೆ ಉದ್ದಿಮೆಯೂ ಜೊತೆಗೇ ಕುಸಿಯುತ್ತದೆ.

ಹೂಡಿಕೆದಾರ ಸಿಕ್ಕಿದ ಮೇಲೆ ಅವನು ಮೊದಲು ನೋಡುವುದು ಲೆಕ್ಕ. ಇಲ್ಲಿ ಬಹುತೇಕ ಸಣ್ಣ ಉದ್ದಿಮೆಗಳು ತಾವೇ ತೋಡಿಕೊಂಡ ಗುಂಡಿಗೆ ಬೀಳುತ್ತವೆ. ತೆರಿಗೆ ಉಳಿಸಲೆಂದು ಅರ್ಧ ಮಾರಾಟವನ್ನು ಪುಸ್ತಕಕ್ಕೆ ತಾರದೆ ಇದ್ದವನು, ಹಣ ಕೇಳಲು ಕೂತಾಗ ‘ನಿಜವಾದ ವ್ಯಾಪಾರ ಇದಕ್ಕಿಂತ ದುಪ್ಪಟ್ಟು ಸಾರ್’ ಎನ್ನುತ್ತಾನೆ. ನಿಜವೇ ಇರಬಹುದು. ಕೇಳುವವನಿಗೆ ಮಾತ್ರ ಅದರಿಂದ ಬೇರೆಯೇ ಅರ್ಥವಾಗುತ್ತದೆ: ಸರ್ಕಾರಕ್ಕೆ ಬಚ್ಚಿಟ್ಟವನು ಪಾಲುದಾರನಿಗೂ ಬಚ್ಚಿಡಬಲ್ಲ. ಹಣ ಬೇಕಾಗುವುದಕ್ಕೆ ಎರಡು ವರ್ಷ ಮೊದಲೇ ಕಿರ್ದಿ, ಖತಾವಣಿ ಚೊಕ್ಕಟವಾಗಬೇಕು. ಜಿಎಸ್‌ಟಿ ರಿಟರ್ನಿನಲ್ಲಿ ತೋರಿಸಿದ ಮಾರಾಟ, ಬ್ಯಾಂಕಿಗೆ ಬಂದ ಹಣ, ಆದಾಯ ತೆರಿಗೆಗೆ ಕೊಟ್ಟ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು. ತೀರ ಚಿಕ್ಕ ಅಂಗಡಿಯಾದರೆ ಪಿಗ್ಮಿ ಪುಸ್ತಕವೂ ಒಂದು ಸಾಕ್ಷಿ: ಮಳೆಗಾಲದಲ್ಲೂ ಹಬ್ಬದ ಮರುದಿನವೂ ತಪ್ಪದೆ ಕಟ್ಟಿದ 200 ರೂಪಾಯಿ ಆ ಅಂಗಡಿಯ ನಡೆಯನ್ನು ಹೇಳುತ್ತದೆ. ಆಹಾರ ಸುರಕ್ಷತೆಯ ಲೈಸೆನ್ಸು, ಪಂಚಾಯಿತಿಯ ಪರವಾನಗಿ, ಶೆಡ್ಡಿನ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿವೆ ಎಂದೂ ಅವನು ನೋಡುತ್ತಾನೆ. ಬಿಲ್ಲು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದು, ಜಾಗ ಅಣ್ಣತಮ್ಮಂದಿರ ನಡುವೆ ಭಾಗವಾಗದೆ ಉಳಿದಿರುವುದು ಅಪರೂಪವೇನಲ್ಲ. ಅಂಥ ಜಾಗದ ಮೇಲೆ ಶೆಡ್ಡು ಕಟ್ಟಲು ಯಾರೂ ಹಣ ಹಾಕುವುದಿಲ್ಲ.

ಮುಂದಿನ ಮಾತು ಬೆಲೆಯದು. ಉದ್ದಿಮೆಯ ಇಂದಿನ ಬೆಲೆ 30 ಲಕ್ಷ ಎಂದು ಇಬ್ಬರೂ ಒಪ್ಪಿ, ಹೊಸಬ 10 ಲಕ್ಷ ತಂದರೆ ಅವನ ಪಾಲು ಎಷ್ಟು? ಮೂರರಲ್ಲಿ ಒಂದು ಎನ್ನುವುದು ಬಾಯಿಗೆ ಬರುವ ಉತ್ತರ. ಆದರೆ ಅವನ ಹಣ ಒಳಗೆ ಬಂದ ಮೇಲೆ ಉದ್ದಿಮೆಯ ಬೆಲೆ 40 ಲಕ್ಷ. ಅದರಲ್ಲಿ ಅವನದು ಕಾಲು ಭಾಗ. ಮಾತುಕತೆಯಲ್ಲಿ ಹೇಳಿದ ಬೆಲೆ ಹಣ ಬರುವ ಮೊದಲಿನದೋ ನಂತರದ್ದೋ ಎಂದು ಸ್ಪಷ್ಟಪಡಿಸದಿದ್ದರೆ ನೂರಕ್ಕೆ ಎಂಟು ಪಾಲಿನಷ್ಟು ವ್ಯತ್ಯಾಸ ಬೀಳುತ್ತದೆ.

ಆ 30 ಲಕ್ಷ ಬಂದದ್ದಾದರೂ ಎಲ್ಲಿಂದ? ಸಣ್ಣ ಉದ್ದಿಮೆಯಲ್ಲಿ ಎರಡು ಅಳತೆಗಳು ನಡೆಯುತ್ತವೆ. ಯಂತ್ರ, ದಾಸ್ತಾನು, ಬರಬೇಕಾದ ಉದ್ರಿ ಎಲ್ಲವನ್ನೂ ಕೂಡಿ ಸಾಲ ಕಳೆಯುವುದು ಒಂದು. ವರ್ಷದ ಲಾಭವನ್ನು ಮೂರರಿಂದಲೋ ನಾಲ್ಕರಿಂದಲೋ ಗುಣಿಸುವುದು ಇನ್ನೊಂದು. ಎರಡನೆಯದರಲ್ಲಿ ಒಂದು ದೊಡ್ಡ ಹಳ್ಳವಿದೆ. ಗಾಣದ ಮಾಲೀಕ ವರ್ಷಕ್ಕೆ 5 ಲಕ್ಷ ಲಾಭ ಎನ್ನುತ್ತಾನೆ. ನಾಲ್ಕರಿಂದ ಗುಣಿಸಿದರೆ 20 ಲಕ್ಷ, 10 ಲಕ್ಷ ತಂದವನಿಗೆ ಮೂರನೆಯ ಒಂದು ಪಾಲು. ಆದರೆ ಆ ಮಾಲೀಕ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ತಾನೇ ದುಡಿಯುತ್ತಾನೆ, ಸಂಬಳ ಬರೆದುಕೊಳ್ಳುವುದಿಲ್ಲ. ಅವನ ಜಾಗಕ್ಕೆ ಬೇರೆಯವನನ್ನು ಇಟ್ಟರೆ ತಿಂಗಳಿಗೆ 25,000 ಕೊಡಬೇಕು, ವರ್ಷಕ್ಕೆ 3 ಲಕ್ಷ. ಆಗ ಉದ್ದಿಮೆಯ ನಿಜವಾದ ಲಾಭ 2 ಲಕ್ಷ, ಬೆಲೆ 8 ಲಕ್ಷ. ಅದೇ 10 ಲಕ್ಷ ತಂದವನಿಗೆ ಈಗ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುತ್ತದೆ. ಲೆಕ್ಕ ಬಲ್ಲ ಹೂಡಿಕೆದಾರ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳುತ್ತಾನೆ. ಲೆಕ್ಕ ಬಾರದವನು ಒಳಗೆ ಬಂದಮೇಲೆ ಕೇಳುತ್ತಾನೆ, ಮಾಲೀಕ ಹೊಸದಾಗಿ ಸಂಬಳ ತೆಗೆದುಕೊಳ್ಳಲು ಶುರುಮಾಡಿದ ತಿಂಗಳು. ಮಾಲೀಕನ ಸಂಬಳವನ್ನು ಮೊದಲಿನಿಂದಲೂ ಖರ್ಚಿಗೆ ಹಾಕಿ ಬರೆಯುವುದೇ ಇದಕ್ಕೆ ಇರುವ ಮದ್ದು.

ಬೆಲೆ ಕುದುರಿದ ಮೇಲೆ ಪಾಲಿಗೆ ಒಂದು ಕಾನೂನಿನ ರೂಪ ಬೇಕು. ಹೆಚ್ಚು ಬಳಕೆಯಲ್ಲಿರುವುದು 1932ರ ಕಾಯ್ದೆಯ ಪಾಲುದಾರಿಕೆ. ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ, ಆಡಿಟರ್ ಹತ್ತಿರ ಒಂದು ಮಧ್ಯಾಹ್ನದ ಕೆಲಸ. ಪತ್ರದಲ್ಲಿ ಬರೆಯದೆ ಬಿಟ್ಟ ಜಾಗಗಳನ್ನು ಕಾಯ್ದೆ ತಾನೇ ತುಂಬುತ್ತದೆ, ಅದೂ ಯಾರೂ ನಿರೀಕ್ಷಿಸದ ರೀತಿಯಲ್ಲಿ. ಲಾಭದ ಪ್ರಮಾಣ ಬರೆದಿಲ್ಲವೆಂದರೆ ಎಲ್ಲರಿಗೂ ಸಮಪಾಲು, ಒಬ್ಬ 2 ಲಕ್ಷ ಹಾಕಿರಲಿ, ಇನ್ನೊಬ್ಬ 10 ಲಕ್ಷ ಹಾಕಿರಲಿ. ದುಡಿಯುವ ಪಾಲುದಾರನ ಸಂಬಳ ಬರೆದಿಲ್ಲವೆಂದರೆ ಸಂಬಳವಿಲ್ಲ. ಪಾಲಿನ ಮೇಲೆ ಒಬ್ಬ ಹೆಚ್ಚುವರಿಯಾಗಿ ಕೈಯಿಂದ ಹಾಕಿದ ಹಣಕ್ಕೆ ವರ್ಷಕ್ಕೆ ಶೇಕಡಾ 6 ಬಡ್ಡಿ. ಅವಧಿ ಬರೆದಿಲ್ಲವೆಂದರೆ ಯಾವ ಪಾಲುದಾರ ಬೇಕಾದರೂ ಒಂದು ನೋಟಿಸು ಕೊಟ್ಟು ಸಂಸ್ಥೆಯನ್ನು ಬರಖಾಸ್ತು ಮಾಡಬಹುದು. ಒಬ್ಬ ತೀರಿಕೊಂಡರೂ ಅದು ಬರಖಾಸ್ತಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆಗೆ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಎಲ್ಲಕ್ಕಿಂತ ಭಾರವಾದದ್ದು ಹೊಣೆಯ ಮಾತು. ಹಣ ಹಾಕಿ ದೂರ ಕೂತ ಪಾಲುದಾರನೂ ಸಂಸ್ಥೆಯ ಅಷ್ಟೂ ಸಾಲಕ್ಕೆ ಹೊಣೆಗಾರ; ಸಾಲಗಾರರು ಅವನ ಮನೆ, ಜಮೀನಿನವರೆಗೂ ಬರಬಹುದು. ಇದು ತಿಳಿದಿದ್ದರೆ ಬಹುಪಾಲು ನಿವೃತ್ತ ನೌಕರರು ಆ ಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲ.

ಈ ಭಯವನ್ನು ಕಳೆಯಲೆಂದು 2008ರ ಕಾಯ್ದೆ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ತಂದಿತು. ಹಾಕಿದ್ದಷ್ಟಕ್ಕೇ ನಷ್ಟ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಮಾತ್ರ ಆ ಕಾಯ್ದೆಯಡಿ ಆಡಿಟ್ ಕಡ್ಡಾಯ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲೂ ಹೊಣೆಗೆ ಮಿತಿಯಿದೆ, ಷೇರುಗಳ ಮೂಲಕ ಪಾಲನ್ನು ಅಳೆದು ಕೊಡುವುದು ಸುಲಭ, 200 ಸದಸ್ಯರವರೆಗೆ ಅವಕಾಶವಿದೆ. ಆದರೆ ವಹಿವಾಟು ಸೊನ್ನೆಯಿದ್ದರೂ ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ಹೊರಗಿನವರಿಗೆ ಹೊಸ ಷೇರು ಕೊಡುವಾಗ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು, ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸು ಮಾಡಬೇಕು, ಅದಕ್ಕೂ ತಪ್ಪಿದರೆ ಶೇಕಡಾ 12 ಬಡ್ಡಿ. ಒಬ್ಬಿಬ್ಬರು ಹೂಡಿಕೆದಾರರ ಉದ್ದಿಮೆಗೆ ಎಲ್‌ಎಲ್‌ಪಿ ಸಾಕು. ಮುಂದೆ ಇನ್ನೂ ಹಲವರು ಬರುವವರಿದ್ದರೆ ಕಂಪನಿಯೇ ವಾಸಿ.

ಕಾಯ್ದೆ ಅಡ್ಡಗಟ್ಟುವ ದಾರಿಗಳೂ ಇವೆ. ಪ್ರೈವೇಟ್ ಕಂಪನಿ ಪತ್ರಿಕೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಜಾಹೀರಾತು ಕೊಟ್ಟು ಷೇರು ಮಾರುವಂತಿಲ್ಲ. ಹೆಸರು ಹಿಡಿದು, ಗೊತ್ತುಮಾಡಿಕೊಂಡವರಿಗೆ ಮಾತ್ರ ಕೊಡಬಹುದು. ಷೇರು ಮಾರುವ ಕ್ರೌಡ್‌ಫಂಡಿಂಗಿಗೆ ಭಾರತದಲ್ಲಿ ಅನುಮತಿಯಿಲ್ಲ. ‘ತಿಂಗಳಿಗೆ ನೂರಕ್ಕೆ ಮೂರು ಖಾತರಿ’ ಎಂದು ಹೇಳಿ ಊರಿನವರಿಂದ ಠೇವಣಿ ಕೂಡಿಸುವುದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ರಾಜ್ಯದಲ್ಲಿ ಠೇವಣಿದಾರರ ಹಿತ ಕಾಯುವ ಕಾಯ್ದೆ 2004ರಲ್ಲೇ ಬಂದಿತ್ತು. ನೆಂಟರ ಸಾಲ, ಪಾಲುದಾರರ ಬಂಡವಾಳ, ಸರಕಿಗಾಗಿ ಪಡೆದ ಮುಂಗಡ 2019ರ ಕಾಯ್ದೆಯ ಹೊರಗಿವೆ. ಆದರೆ ನೆಂಟರದ್ದಾದರೂ 20,000 ರೂಪಾಯಿ ಮುಟ್ಟಿದ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ದಾರಿಯಾಗುತ್ತದೆ. ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಬಂದ ಹಣಕ್ಕೆ ಈ ತಾಪತ್ರಯವಿಲ್ಲ, ಕೊಟ್ಟದ್ದಕ್ಕೆ ಸಾಕ್ಷಿಯೂ ತಾನಾಗಿ ಉಳಿಯುತ್ತದೆ.

ಒಪ್ಪಂದದ ಪತ್ರದಲ್ಲಿ ದೊಡ್ಡ ಮಾತುಗಳಿಗಿಂತ ಚಿಕ್ಕ ಮಾತುಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಎಷ್ಟು ರೂಪಾಯಿ ಮೇಲಿನ ಖರ್ಚಿಗೆ ಇಬ್ಬರ ಸಹಿ ಬೇಕು. ಲೆಕ್ಕವನ್ನು ತಿಂಗಳ ಯಾವ ತಾರೀಕಿನೊಳಗೆ ತೋರಿಸಬೇಕು. ಲಾಭದಲ್ಲಿ ಎಷ್ಟನ್ನು ಹಂಚಿ ಎಷ್ಟನ್ನು ವ್ಯಾಪಾರದಲ್ಲೇ ಉಳಿಸಬೇಕು. ಮಾಲೀಕನ ಮಗ ಕೆಲಸಕ್ಕೆ ಸೇರಿದರೆ ಅವನ ಸಂಬಳ ಯಾರು ಗೊತ್ತುಮಾಡಬೇಕು. ಮನೆಮಂದಿಗೆ ಪುಕ್ಕಟೆ ಹೋಗುವ ಎಣ್ಣೆ ಯಾರ ಲೆಕ್ಕಕ್ಕೆ. ಈ ಕೊನೆಯದು ನಗೆಯ ಮಾತೆನಿಸಬಹುದು. ಆದರೆ ಹಬ್ಬಕ್ಕೆ ನೆಂಟರಿಷ್ಟರ ಮನೆಗೆಲ್ಲ ಎರಡೆರಡು ಡಬ್ಬಿ ಕಳಿಸಿ ಅದನ್ನು ಎಲ್ಲೂ ಬರೆಯದೆ ಹೋದಾಗ ಪಾಲುದಾರನ ಹೆಂಡತಿ ಅದನ್ನು ಲೆಕ್ಕ ಇಡುತ್ತಾಳೆ. ಬಂಡವಾಳಕ್ಕೆ ಬಡ್ಡಿ ಕೊಡುವುದಾದರೆ ಅದನ್ನೂ ಪತ್ರದಲ್ಲಿ ಬರೆಯಬೇಕು. ಬರೆದಿದ್ದರೆ ವರ್ಷಕ್ಕೆ ಶೇಕಡಾ 12ರವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಲು ಅವಕಾಶವಿದೆ.

ಎಲ್ಲರೂ ಮರೆಯುವ ಕಲಮು ಹೊರಹೋಗುವುದರದು. ಪಾಲುದಾರ ತನ್ನ ಹಣ ಹೇಗೆ, ಯಾವಾಗ ಹಿಂತೆಗೆದುಕೊಳ್ಳಬೇಕು? 2012ರಲ್ಲಿ ಮುಂಬಯಿಯ ಎರಡೂ ಷೇರುಪೇಟೆಗಳು ಸಣ್ಣ ಕಂಪನಿಗಳಿಗಾಗಿ ಬೇರೆ ವೇದಿಕೆ ತೆರೆದವು. ಆದರೆ ಅಲ್ಲಿಗೆ ಹೋಗಲು 2025ರ ನಿಯಮದಂತೆ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ 1 ಕೋಟಿ ರೂಪಾಯಿಯ ವ್ಯವಹಾರ ಲಾಭ ತೋರಿಸಬೇಕು. ಗಾಣದ ಘಟಕಕ್ಕೆ ಅದು ದೂರದ ಮಾತು. ಉಳಿದವರಿಗೆ ಇರುವುದು ಮೂರು ದಾರಿ. ಒಂದು, ಮಾಲೀಕನೇ ಲಾಭದಿಂದ ಕಂತುಕಂತಾಗಿ ಪಾಲನ್ನು ಮರಳಿ ಕೊಳ್ಳುವುದು. ಇದಕ್ಕೆ ಇಷ್ಟನೆಯ ವರ್ಷದಿಂದ, ಇಂಥ ಲೆಕ್ಕದ ಬೆಲೆಗೆ ಎಂದು ಮೊದಲೇ ಬರೆದಿರಬೇಕು. ಬೆಲೆಯನ್ನು ಆಗ ನೋಡೋಣ ಎಂದು ಬಿಟ್ಟರೆ ಆಗ ಇಬ್ಬರಿಗೂ ಬೇರೆ ಬೇರೆ ಬೆಲೆ ಕಾಣುತ್ತದೆ. ಎರಡು, ಬೇರೊಬ್ಬರಿಗೆ ಮಾರುವುದು. ಆಗ ಮೊದಲ ಹಕ್ಕು ಇರುವ ಪಾಲುದಾರನಿಗೆ ಎಂದು ಬರೆಯುವುದು ವಾಡಿಕೆ. ಒಬ್ಬ ಹೊರಟ ಮೇಲೂ ಉಳಿದವರು ಅವನ ಲೆಕ್ಕ ತೀರಿಸದೆ ಅವನ ಹಣದಲ್ಲೇ ವ್ಯಾಪಾರ ಮುಂದುವರಿಸಿದರೆ, ಬೇರೆ ಕರಾರು ಇಲ್ಲದಾಗ, ಆ ಹಣದಿಂದ ಬಂದ ಲಾಭದ ಭಾಗವನ್ನೋ ವರ್ಷಕ್ಕೆ ಶೇಕಡಾ 6 ಬಡ್ಡಿಯನ್ನೋ ಆರಿಸಿಕೊಳ್ಳುವ ಹಕ್ಕು 1932ರ ಕಾಯ್ದೆಯಂತೆ ಅವನಿಗಿದೆ.

ಮೂರನೆಯದು ಬಾಗಿಲು ಹಾಕುವುದು. ಪಾಲುದಾರಿಕೆ ಬರಖಾಸ್ತಾದಾಗ ಆಸ್ತಿ ಮಾರಿ ಬಂದ ಹಣ ಯಾರಿಗೆ ಮೊದಲು ಎನ್ನುವುದಕ್ಕೂ ಅದೇ ಕಾಯ್ದೆಯಲ್ಲಿ ಕ್ರಮವಿದೆ. ಮೊದಲು ಹೊರಗಿನವರ ಸಾಲ: ಬ್ಯಾಂಕು, ಮಂಡಿಯ ವರ್ತಕ, ಬಾಕಿ ಕೂಲಿ. ಅದು ತೀರಿದ ಮೇಲೆ ಪಾಲುದಾರರು ಬಂಡವಾಳವಲ್ಲದೆ ಹೆಚ್ಚುವರಿಯಾಗಿ ಕೊಟ್ಟ ಸಾಲ. ಆಮೇಲೆ ಅವರವರು ಹಾಕಿದ ಬಂಡವಾಳ. ಸಾಲದೆ ಬಂದರೆ ಪ್ರಮಾಣದಂತೆ. ಇನ್ನೂ ಮಿಕ್ಕಿದರೆ ಲಾಭ ಹಂಚಿಕೊಳ್ಳುತ್ತಿದ್ದ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಆಸ್ತಿ ಸಾಲದೆ ನಷ್ಟ ಉಳಿದರೆ, ಉಳಿಸಿಟ್ಟ ಲಾಭದಿಂದ, ಅದು ಮುಗಿದರೆ ಬಂಡವಾಳದಿಂದ, ಅದೂ ಸಾಲದಿದ್ದರೆ ಅದೇ ಪ್ರಮಾಣದಲ್ಲಿ ಪಾಲುದಾರರು ತಮ್ಮ ಕೈಯಿಂದ ತುಂಬಿಕೊಡಬೇಕು.